ಒತ್ತೆಯಿಟ್ಟ ಸೀಟಿ

ನಮ್ಮ ಡ್ರಿಲ್ ಮೇಷ್ಟ್ರು ಗೋವಿಂದಪ್ಪನವರು ಮಾತನಾಡುವಾಗಲೂ ಸೀಟಿಯನ್ನು ಬಾಯಿಂದ ತೆಗೆಯುತ್ತಿರಲಿಲ್ಲ. ಸಮಾಧಾನದಲ್ಲಿದ್ದಾಗ ಅದು ತುಟಿಯಂಚಿನಲ್ಲಿ ಬೀಡಿಯಂತೆ ಸುಮ್ಮನೆ ತೂಗುತ್ತಿತ್ತು. ಸಿಟ್ಟು ಬಂದರೆ ಅರ್ಧ ಮಾತು ಬಾಯಿಂದಲೂ ಅರ್ಧ ಸೀಟಿಯಿಂದಲೂ ಹೊರಡುತ್ತಿತ್ತು. ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ನಮ್ಮ ಶಾಲೆಯ ಹುಡುಗರಿಗೆ ಎರಡೂ ಅರ್ಥವಾಗುತ್ತಿದ್ದವು.

ಓಟದ ಮೇಲೆ ಅವರಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. "ಕುಂತ್ರೆ ರಕ್ತ ಕುಂಡಿಗಿಳೀತದೆ ಕಣ್ಲಾ, ಓಡುದ್ರೆ ತಲೆಗತ್ತತದೆ. ತಲೇಲಿ ರಕ್ತ ಇಲ್ದೆ ಲೆಕ್ಕ ಎಂಗ್ಲಾ ಬತ್ತದೆ?" ಎನ್ನುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ಗಣಿತದ ಮೇಷ್ಟ್ರು ಕೂತ ಕುರ್ಚಿಯಲ್ಲೇ ಸ್ವಲ್ಪ ಕದಲುತ್ತಿದ್ದರು.

ನಾನೋ, ಹುಟ್ಟಾ ಚಿಂತೆಗಾರ. ಓಟದಲ್ಲಿ ಗೆಲ್ಲುತ್ತಿದ್ದದ್ದು ಕಾಲಿನ ಬಲದಿಂದಲ್ಲ, ಹಿಂದೆ ಬರುವವರ ಭಯದಿಂದ. ಎಸ್ಸೆಸ್ಸೆಲ್ಸಿಯ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಹನ್ನೊಂದು ಅಂಕ ಬಂತು. ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ನನ್ನ ಕಿವಿ ಹಿಡಿದುಕೊಂಡೇ ಶಾಲೆಗೆ ಬಂದ.

"ಮೇಷ್ಟ್ರೇ, ಓಡ್ಸಿ ಓಡ್ಸಿ ಇವನ ಬುದ್ಧಿಯೆಲ್ಲ ಮೀನಖಂಡಕ್ಕೆ ಇಳಿಸ್ಬಿಟ್ರಿ. ನಾಳೆಯಿಂದ ಆಟ ಬಂದ್. ಫೇಲಾದ್ರೆ ನನ್ ಜೊತೆ ಗಣಿಗಿಳೀತಾನೆ, ಅಷ್ಟೇಯ."

ಗಣಿಯೆಂದರೆ ನನಗೆ ಕೇಜು. ತಂತಿಹಗ್ಗಕ್ಕೆ ಜೋತುಬಿದ್ದು ಪಾತಾಳಕ್ಕಿಳಿಯುವ ಕಬ್ಬಿಣದ ಪಂಜರ. ಆ ಹಗ್ಗದ ಬಗ್ಗೆ ನಾನು ಆರನೇ ವಯಸ್ಸಿನಿಂದಲೇ ಚಿಂತಿಸುತ್ತಿದ್ದೆ.

ಮೇಷ್ಟ್ರು ಕೊರಳಿನ ಸೀಟಿ ತೆಗೆದು ಅಪ್ಪನ ಕೈಗಿಟ್ಟರು. "ಇದು ನಿಮ್ಮತ್ರಾನೇ ಇರ್ಲಿ. ಓಡಿಸ್ಕೊಂಡೇ ಇವನ್ನ ಪಾಸ್ ಮಾಡಿಸ್ತೀನಿ. ಫೇಲಾದ್ರೆ ಈ ಜನ್ಮದಲ್ಲಿ ಸೀಟಿ ಊದಲ್ಲ."

ಅಪ್ಪ ಅದನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೊರಟ.

ಮರುದಿನದಿಂದ, ಗಣಿಯ ತ್ಯಾಜ್ಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಬುಡದ ಮೈದಾನದಲ್ಲಿ ಸುತ್ತಿಗೊಂದು ಪ್ರಮೇಯ. ನಾನು ಓಡುತ್ತ ಒಪ್ಪಿಸಬೇಕು. ಮೇಷ್ಟ್ರು ರೇಖಾಗಣಿತದ ಪುಸ್ತಕ ಹಿಡಿದು ಪಕ್ಕದಲ್ಲೇ ಓಡಬೇಕು. ಅವರಿಗೆ ಅದರಲ್ಲಿ ಏನೂ ಅರ್ಥವಾಗುತ್ತಿರಲಿಲ್ಲ. ಆದರೆ ಒಂದು ಪದ ತಪ್ಪಿದರೂ ಸೀಟಿಯಿಲ್ಲದ ಬಾಯಲ್ಲೇ "ಪುರ್ರ್" ಎಂದು ಉಗುಳು ಸಿಡಿಸಿ, "ಇಂದಕ್ಕೋಗ್ಲಾ, ಮೊದ್ಲಿಂದ!" ಎನ್ನುತ್ತಿದ್ದರು. ಮಾರ್ಚ್ ಹೊತ್ತಿಗೆ ಪುಸ್ತಕವೆಲ್ಲ ನನ್ನ ಬಾಯಲ್ಲಿತ್ತು. ಮೇಷ್ಟ್ರ ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಎಡವಟ್ಟು ಗೊತ್ತಾದದ್ದು ಪರೀಕ್ಷೆಯ ದಿನ. ಕೂತರೆ ಒಂದೂ ನೆನಪಾಗಲೊಲ್ಲದು! ಅಷ್ಟು ತಿಂಗಳಲ್ಲಿ ನಾವು ಒಮ್ಮೆಯಾದರೂ ಕೂತು ಓದಿದ್ದರೆ ತಾನೇ? ಬೆಂಚಿನಡಿ ಕಾಲು ಆಡಿಸಿ ನೋಡಿದೆ. ಮುಂದೆ ಕೂತಿದ್ದವನು ಬೈದ. ಕಣ್ಣೆದುರು ಕೇಜು ಇಳಿಯತೊಡಗಿತು. ನೀರು ಕುಡಿಯಬೇಕೆಂದು ಎದ್ದೆ.

ಮೇಲ್ವಿಚಾರಕರು ಬೇರೆ ಊರಿನವರು. ನಮ್ಮ ಮೇಷ್ಟ್ರಿಗೆ ಸಿಕ್ಕಿದ್ದು ವರಾಂಡದ ನೀರಿನ ಕೊಡದ ಕಾವಲು. ಓಡಿಹೋಗಿ ಓಡಿಬಂದೆ. ಅರ್ಧ ಪ್ರಮೇಯ ನೆನಪಾಯಿತು! ಗಬಗಬನೆ ಬರೆದು ಮತ್ತೆ ಎದ್ದೆ. ಮೇಷ್ಟ್ರು ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಮೂರನೇ ಸಲ ಹೋದಾಗ ಕೊಡ ವರಾಂಡದ ಆ ತುದಿಯಲ್ಲಿತ್ತು. ಐದನೇ ಸಲಕ್ಕೆ ಬಯಲಿನ ಬೇವಿನ ಮರದ ಕೆಳಗಿತ್ತು.

ಮೇಲ್ವಿಚಾರಕರಿಗೆ ಅನುಮಾನ ಬಂತು. ನನ್ನ ಹಿಂದೆಯೇ ಬಂದು, ಕೊಡದೊಳಗೆ ಮೊಣಕೈವರೆಗೂ ಕೈ ಹಾಕಿ ಚೀಟಿಗಾಗಿ ತಡಕಿದರು.

"ಬರೀ ನೀರು ಸಾರ್," ಎಂದರು ಮೇಷ್ಟ್ರು, ಬಲು ವಿನಯದಿಂದ. "ನೆಳ್ಳಲ್ಲಿ ತಣ್ಣಗಿರ್ಲಿ ಅಂತ ಇಲ್ಲಿಟ್ಟೆ. ಉಡುಗನಿಗೆ ಸಕ್ಕರೆ ಕಾಯಿಲೆ ಇದ್ರೂ ಇರಬೌದು, ಪಾಪ."

ಪಾಸಾದೆ. ಅಪ್ಪ ನನ್ನನ್ನು ಕರೆದುಕೊಂಡು ರಾಬರ್ಟ್‌ಸನ್‌ಪೇಟೆಯ ಮೇಷ್ಟ್ರ ಮನೆಗೆ ಹೋಗಿ, ಚೀಲದಿಂದ ಸೀಟಿ ತೆಗೆದುಕೊಟ್ಟ. "ನೀವೇ ಗೆದ್ರಿ, ಮೇಷ್ಟ್ರೇ." ಮೇಷ್ಟ್ರು ಹೊಗೆಸೊಪ್ಪಿನ ಪುಡಿ ಒರೆಸಿ, ಸರಿಯಾಗಿದೆಯೇ ನೋಡಲು ಜೋರಾಗಿ ಊದಿದರು. ಒಳಗಿನಿಂದ ಅವರ ನಾಲ್ಕು ಹೆಣ್ಣುಮಕ್ಕಳು ಓಡಿಬಂದು ಎತ್ತರದ ಪ್ರಕಾರ ಸಾಲಾಗಿ ನಿಂತರು. ಕೊನೆಯಲ್ಲಿ ಸೌಟು ಹಿಡಿದ ಮೇಷ್ಟ್ರ ಹೆಂಡತಿ. ನಮ್ಮಪ್ಪನೂ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತುಬಿಟ್ಟ.

ನಾನು ಗುಮಾಸ್ತನಾಗಿ ಬೆಂಗಳೂರಿಗೆ ಓಡಾಡುತ್ತಿದ್ದ ಕಾಲದಲ್ಲಿ ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಮೇಷ್ಟ್ರು ಮತ್ತೆ ಸಿಕ್ಕರು. ಗಾಡಿ ತಪ್ಪೀತೆಂದು ನಾನು ಎಂದಿನಂತೆ ಒಂದು ಗಂಟೆ ಮೊದಲೇ ಬಂದು ಕೂತಿದ್ದೆ. ಅವರು ನಿವೃತ್ತರಾಗಿ ಬಡಕಲಾಗಿದ್ದರು. ಕೊರಳು ಬರಿದಾಗಿತ್ತು.

"ಸೀಟಿ ಎಲ್ಲಿ ಸಾರ್?"

"ಮನೇಲೈತೆ. ಊದಕ್ಕೆ ಉಸ್ರು ಸಾಲ್ದು ಕಣ್ಲಾ."

ಅಷ್ಟರಲ್ಲಿ ಎದುರಿಗಿದ್ದ ಗಾಡಿಯ ಗಾರ್ಡು ಸೀಟಿ ಊದಿದ. ಮೇಷ್ಟ್ರ ಬೆನ್ನು ಸೆಟೆದು ನಿಂತಿತು. "ಓಡ್ಲಾ!" ಎಂದರು. ಓಡಿದೆ. ನಾಲ್ಕನೇ ಹೆಜ್ಜೆಗೇ ಎಷ್ಟೋ ವರ್ಷದಿಂದ ಮರೆತಿದ್ದ ಪ್ರಮೇಯ ನಾಲಿಗೆಗೆ ಬಂತು. ಹಾರಿ ಹತ್ತಿಕೊಂಡ ಮೇಲೆ ಗೊತ್ತಾಯಿತು, ಅದು ಮದರಾಸಿನ ಕಡೆಗೆ ಹೋಗುವ ಗಾಡಿ.

ಅವರನ್ನು ನೋಡಿದ್ದು ಅದೇ ಕೊನೆ. ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ, ನಾನೇ ಮೊದಲು ಗುರಿ ಮುಟ್ಟಿದೆನೆಂಬಂತೆ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅಷ್ಟು ಹಿಗ್ಗಿನಲ್ಲಿದ್ದವರ ಕಣ್ಣೆದುರೇ ಹೇಗೆ ಇಳಿಯಲಿ? ನಾನೂ ಕೈಯೆತ್ತಿದೆ. ಗಾಡಿ ಮುಂದೆ ನಿಲ್ಲುವ ಕುಪ್ಪಂವರೆಗೂ ಹೋದೆ.