ಜಗ್ಗಿ ಅಳೆದ ಹುಲಿ

ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಔರಾದ ತಹಸೀಲಿನಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಾಲಿಯ ಮೆಟ್ಟಿಲು ಹತ್ತಿದವರಿಲ್ಲ. ನಾನು ಓದಲೆಂದು ನನ್ನ ಪಾಲಿನ ಕುರಿಗಳನ್ನೂ ತಾನೇ ಕಾಯ್ದವಳು ಸೋದರತ್ತೆ ಮಲ್ಲವ್ವ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ.

ನಮ್ಮ ಬಯಲಿಗೆ ಹುಲಿ ಬರುವುದೇ ಅಪರೂಪ. ಆ ಸಲ ತೆಲಂಗಾಣದ ಅಡವಿಯಿಂದ ಮಾಂಜರಾ ನದಿಯ ದಂಡೆ ಹಿಡಿದು ಒಂದು ಬಂದಿತ್ತು. ನಮ್ಮೂರು ಎಕಂಬಾ ಹತ್ತಿರ ಅತ್ತೆಯ ಹಿಂಡಿನ ಮೇಲೆ ಬಿತ್ತು. ಅದರಲ್ಲಿ ಅವಳು ಕೂಲಿಗೆ ಕಾಯುವ ಊರವರ ಕುರಿಗಳೇ ಹೆಚ್ಚು. ಒಂದು ಕುರಿ ಹೋಯಿತು. ಎರಡನೆಯದಕ್ಕೆ ಬಾಯಿ ಹಾಕಿದಾಗ ಅತ್ತೆ ಬಡಿಗೆಯಿಂದ ಅದರ ಮೂತಿಗೆ ಹೊಡೆದಳು. ಹುಲಿ ಪಂಜಾ ಬೀಸಿ ಅವಳ ಮುಂಗೈ ಸೀಳಿತು, ಆದರೆ ಕುರಿ ಬಿಟ್ಟು ಹೋಯಿತು. ಸುತ್ತ ಬೇರೆ ಯಾರೂ ಇರಲಿಲ್ಲ.

"ಮುದಿ ಹುಲಿ ಇತ್ತು ತಮ್ಮಾ. ಪಕ್ಕಿ ಎಲುವು ಎಣಿಸೂ ಹಂಗ ಇದ್ದವು. ನನ್ನ ಟೊಂಕದ ಮಟಾನೂ ಇದ್ದಿಲ್ಲ" ಎಂದು ನನಗೆ ಹೇಳಿದಳು. ಇದ್ದದ್ದಕ್ಕಿಂತ ಒಂದು ಗೇಣೂ ಹೆಚ್ಚು ಮಾಡಿ ಹೇಳಲಿಲ್ಲ.

ನಾಲ್ಕನೇ ದಿನ ಹೈದರಾಬಾದಿನಿಂದ ಬಂದ ದೊಡ್ಡ ಸಾಹೇಬರೊಬ್ಬರು ಅದನ್ನು ಹೊಡೆದರು. ಪಂಚನಾಮೆ ಬರೆಯಲು ನನ್ನನ್ನು ಕಳಿಸಿದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಹಳ್ಳದ ದಂಡೆಯಲ್ಲೇ ಹುಲಿಯನ್ನು ಸುಲಿದು ಮೈ ಹೂತಾಗಿತ್ತು. ಹಸಿ ತೊಗಲನ್ನು ನಾಲ್ಕು ಮಂದಿ ಜಗ್ಗಿ ಹಿಡಿದು ನೆಲಕ್ಕೆ ಗೂಟ ಬಡಿದಿದ್ದರು. ಸಾಹೇಬರು ಮೂಗಿನಿಂದ ಬಾಲದ ತುದಿಯವರೆಗೆ ಟೇಪು ಹಿಡಿಸಿ, ಹನ್ನೊಂದು ಅಡಿ ಎಂದು ಬರೆಯಲು ಹೇಳಿದರು. ತೂಕ ಎಂಟು ಮಣವಂತೆ, ಈಗಿನ ಲೆಕ್ಕದಲ್ಲಿ ಮುನ್ನೂರು ಕಿಲೋ. ಎಲ್ಲಿ ತೂಗಿದಿರಿ ಎಂದು ಕೇಳಿದೆ. ಅಂದಾಜು ಎಂದರು.

ಅಷ್ಟರಲ್ಲಿ ಕೈಗೆ ಅರಿವೆ ಸುತ್ತಿಕೊಂಡು ಅತ್ತೆ ಬಂದಳು. ತೊಗಲನ್ನು ಒಂದು ಸುತ್ತು ನೋಡಿದಳು.

"ಸಾಹೇಬ್ರ, ಹಸಿ ತೊಗಲು ಜಗ್ಗಿದಷ್ಟು ಬರ್ತದರಿ. ಹಿಂಗ ಜಗ್ಗಿದ್ರ ನಮ್ಮ ಕುರಿನೂ ಎಮ್ಮಿ ಆಗ್ತದ."

ನಿಂತವರು ನಕ್ಕರು. ಸಾಹೇಬರ ಮುಖ ಕೆಂಪಾಯಿತು. ಇವಳು ಯಾರು ಎಂದರು. ಹುಲಿಗೆ ಎದುರು ನಿಂತವಳು ಎಂದೆ. ಎಂಟು ಮಣದ ಹುಲಿಯ ಮುಂದೆ ಹೆಂಗಸು ನಿಲ್ಲುತ್ತಾಳೇನು, ಹಿಂಡು ಬಿಟ್ಟು ಓಡುವಾಗ ಬಿದ್ದು ಕೈ ಹರಕೊಂಡಿದ್ದಾಳೆ, ಹಾಗೇ ಬರೆ ಎಂದರು. ಹುಲಿಯನ್ನು ಹಿಗ್ಗಿಸಿದವರು ಅವರೇ. ಅಷ್ಟು ದೊಡ್ಡ ಹುಲಿಗೆ ಇವಳು ಹೊಡೆದಿರಲಾರಳು ಎಂದವರೂ ಅವರೇ. ಇದು ಯಾವ ಊರಿನ ನ್ಯಾಯ?

ನಾನು ಬರೆದೆ: ಜಗ್ಗಿದ ತೊಗಲಿನ ಉದ್ದ ಹನ್ನೊಂದು ಅಡಿ. ಸುಲಿಯುವ ಮೊದಲು ಮೈ ಅಳೆದಿಲ್ಲ, ತೂಗಿಲ್ಲ. ಕುರಿ ಕಾಯುವವಳು ಹಿಂಡು ಬಿಟ್ಟು ಹೋಗಿಲ್ಲ. ಸಾಹೇಬರು ಓದಿಸಿ ಕೇಳಿ ಹಾಳೆ ಹರಿದರು. ಎಷ್ಟು ಇಯತ್ತೆ ಕಲಿತಿದ್ದಿ ಎಂದು ಕೇಳಿದರು.

"ಬಿ.ಎ. ರಿ. ಈಕಿ ಕಲಿಸಿದ್ದು" ಎಂದೆ.

ಸಾಹೇಬರು ಹೇಳಿದಂತೆ ಬೇರೆ ಗುಮಾಸ್ತ ಬರೆದ. ಅದನ್ನೇ ಎಕಂಬಾ ಚಾವಡಿಯಲ್ಲಿ ಓದಿದರು. ಅತ್ತೆಯ ಗಾಯಕ್ಕೆ ಅರಿಸಿನ ಹಚ್ಚಿದ ಮಂದಿಯೇ, ಸರ್ಕಾರದ ಕಾಗದ ಸುಳ್ಳು ಹೇಳ್ತದೇನು ಎಂದರು. ಹಿಂಡು ಬಿಟ್ಟು ಓಡಿದವಳ ಕೈಗೆ ಯಾರು ಕುರಿ ಕೊಡುತ್ತಾರೆ? ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕುರಿ ಹೊಡೆದುಕೊಂಡು ಹೋದರು. ಯಾವ ಕುರಿ ಯಾರದು ಎಂದು ಅತ್ತೆ ತಾನೇ ಹಿಡಿದು ಕೊಟ್ಟಳು.

ನನ್ನ ಹಂಗಾಮಿ ನೌಕರಿಯೂ ಹೋಯಿತು. ಅದರ ದುಃಖವಿಲ್ಲ, ಬೇರೆ ಸಿಕ್ಕಿತು. ಮೂವತ್ತೈದು ವರ್ಷ ಕಾಗದ ಬರೆದೆ, ಅಳೆಯದ್ದನ್ನು ಅಳೆದಿದ್ದೇನೆ ಎಂದು ಒಂದು ಸಾಲೂ ಬರೆಯಲಿಲ್ಲ. ಆದರೂ ಆ ಸಿಟ್ಟು ಇಳಿದಿಲ್ಲ. ಕಡೆಯ ಕುರಿ ಹೋದ ದಿನ ಅತ್ತೆ ನನ್ನನ್ನು ಕರೆದು ಕೇಳಿದ್ದಳು:

"ತಮ್ಮಾ, ನೀ ಓದಿದವ. ಆ ಕಾಗದ ಮತ್ತ ಬರಿಲಿಕ್ಕ ಬರಂಗಿಲ್ಲೇನು?"

ಬರುವುದಿಲ್ಲ ಎನ್ನಬೇಕಾಯಿತು. ಅವಳು ಹೋಗಿ ಬಹಳ ವರ್ಷವಾಯಿತು. ಈಗ ಬರೆಯುತ್ತಿದ್ದೇನೆ. ಮಲ್ಲವ್ವ ಓಡಲಿಲ್ಲ.