ಕೊಡೆಕಡ್ಡಿಯ ಹಳಿ

ರೈಲೇ ಇಲ್ಲದ ಕೊಡಗಿಗೆ ಬಂದು ನಮ್ಮ ಯಜಮಾನರು ಜಗಲಿಯ ಮೇಲೆ ರೈಲು ಕಟ್ಟಿದರು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ಮೊದಲು ಅವರು ಮೈಸೂರು ಸೀಮೆಯ ಕಾಡಿನಿಂದ ಮರ ಸಾಗಿಸುವ ಒಂದು ಪುಟ್ಟ ರೈಲಿನ ಡ್ರೈವರ್. ಅದರ ಹಳಿ ಕಿತ್ತುಹಾಕಿದ ಮೇಲೆ ಕುಶಾಲನಗರದ ಹತ್ತಿರದ ಎಸ್ಟೇಟಿಗೆ ಬಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದರು.

ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ ನನ್ನ ಮೈದುನ ಅದೇ ರೈಲಿಗೆ ಸಿಕ್ಕಿ ಸತ್ತಿದ್ದ. ಆವತ್ತು ಓಡಿಸುತ್ತಿದ್ದವರು ಇವರೇ. "ತಮ್ಮ ಕಾಣಲಿಲ್ವೇನ್ಲಾ ನಿಂಗೆ?" ಅಂತ ಅತ್ತೆ ಆಗಾಗ ಕೇಳುವರು. "ತಿರುವ್ನಲ್ಲಿ ಬಿದಿರು ಮೆಳೆ ಅಡ್ಡ ಇತ್ತು ಕಣವ್ವ" ಅನ್ನುವುದೇ ಇವರ ಉತ್ತರ. ಆ ಒಂದು ಮಾತು ನಂಬಿಕೊಂಡೇ ಅತ್ತೆ ಇವರ ಮನೆಯಲ್ಲಿ ಉಣ್ಣುತ್ತಿದ್ದರು.

ಸತ್ತ ಜಾಗದಲ್ಲೇ ಮಗನಿಗೆ ಎಡೆ ಇಡಬೇಕೆಂದು ಅತ್ತೆಗೆ ಹಟ. ಕಣ್ಣಿಗೆ ಪೊರೆ ಬಂದಿತ್ತು, ಅಷ್ಟು ದೂರ ಹೋಗುವುದೆಲ್ಲಿ? "ಆ ಜಾಗಾನ ಇಲ್ಲೇ ಮಾಡ್ಕೊಡ್ತೀನಿ, ಮುಟ್ಟಿ ನೋಡೀಯಂತೆ" ಅಂದರು ಇವರು. ಶುರುವಾಯಿತು ನೋಡಿ ನನ್ನ ಕರ್ಮ! ಹರಿದ ಕೊಡೆಗಳ ಕಡ್ಡಿಯೆಲ್ಲ ಹಳಿಯಾಯಿತು. ಒಣಗಿದ ಕಾಫಿ ಗಿಡದ ಬುಡ ಕೆತ್ತಿ ಎಂಜಿನ್ ಮಾಡಿದರು. ಜಗಲಿ ತುಂಬ ಮರದ ಹೊಟ್ಟು, ಗುಡಿಸುವವಳು ನಾನು. ಎಂಜಿನ್ನಿಗೆ ನೀರು ತುಂಬುವ ತೊಟ್ಟಿಯ ಕಾಲು ಒಂದು ಚೂರು ಗಿಡ್ಡವಾಯಿತೆಂದು ಕಿತ್ತು ಮತ್ತೆ ಮಾಡಿದರು. "ಯಾರ್ ನೋಡ್ತಾರೆ ಅಂತ ಹಿಂಗೆ ಒದ್ದಾಡ್ತೀರಿ?" ಅಂದರೆ, "ಇದ್ದಂಗೇ ಇರ್ಬೇಕು, ಇಲ್ದಿದ್ರೆ ಯಾಕ್ ಮಾಡ್ಬೇಕು" ಅಂತ ಗದರಿದರು.

ಮಹಾಲಯ ಅಮಾವಾಸ್ಯೆಯ ದಿನ ಎಡೆ ಹಿಡಿದು ಅತ್ತೆ ಜಗಲಿಯಲ್ಲಿ ಕುಳಿತರು. ಹಳಿಯ ಮೇಲೆ ಕೈಯಾಡಿಸುತ್ತ ತೊಟ್ಟಿ, ಸೇತುವೆ ದಾಟಿ ತಿರುವಿಗೆ ಬಂದರು. ಅತ್ತ ಇತ್ತ ತಡವಿದರು. ಬರೀ ಬೋಳು ಮಣ್ಣು.

"ಮೆಳೆ ಎಲ್ಲಿ?"

ಇವರ ಮುಖ ನೋಡಿದೆ. ಅಷ್ಟು ವರ್ಷ ಬಾಯಲ್ಲಿ ಹೇಳಿಕೊಂಡು ಬಂದದ್ದನ್ನು ಕಟ್ಟುವಾಗ ಮರೆತೇಬಿಟ್ಟಿದ್ದರು. "ಇನ್ನೂ ಮುಗ್ದಿಲ್ಲ ಅತ್ತೆ, ನಾಳೆ ನೆಡ್ತಾರೆ" ಅಂದೆ ನಾನೇ.

"ಇಲ್ಲ ಕಣವ್ವ" ಅಂದರು ಇವರು. "ಅಲ್ಲಿ ಮೆಳೆ ಇರ್ಲಿಲ್ಲ. ನಾನು ಬಗ್ಗಿ ಬೀಡಿ ಹಚ್ಕೊತಿದ್ದೆ."

ಅತ್ತೆ ಎಡೆಯನ್ನು ತಿರುವಿನಲ್ಲಿಟ್ಟು ಕೈಮುಗಿದರು. ಎಡೆಯ ಊಟಕ್ಕೆ ಕೂರಲಿಲ್ಲ. ನನ್ನ ಭುಜ ಹಿಡಿದು ಎದ್ದು, "ಮಗಳ ಊರಿಗೆ ಬಸ್ಸು ಎಷ್ಟೊತ್ತಿಗೆ, ಕೇಳ್ಕೊಂಡ್ ಬಾರವ್ವ" ಅಂದರು.