ಮೇಕೆ ಮೇಯ್ದ ವಿಮಾನದ ಬಾಲ

ಲೇ ಸಹನಾ, ಆ ಫೋನ್ ಪಕ್ಕಕ್ಕೆ ಮಡಗಿ ಅಜ್ಜಿ ಹೇಳೋದ್ನ ಬರ್ಕೊಳಮ್ಮ. ಎಲ್ಲಿಗೆ ನಿಲ್ಸಿದ್ದೆ? ಹ್ಞಾ, ಕರಿಯಕ್ಕ ಇಮಾನದ ಬಾಲ ಹೊಲಿಯಾಕೆ ಹೋದ ಇಸ್ಯ. ಇರು, ಅದಕ್ಕೂ ಮುಂಚೆ ಕಂಬಳಿ ಇಸ್ಯ ಹೇಳ್ಬೇಕು ಕಣಮ್ಮ.

ಪಟ್ಟನಾಯಕನಹಳ್ಳಿ ಸುತ್ತ ಕರಿಯಕ್ಕನಂತೆ ಕಂಬಳಿ ಕೂಡಿಸುವವರು ಇನ್ನೊಬ್ಬರಿಲ್ಲ. ಮಗ್ಗದಿಂದ ಕಂಬಳಿ ಅರ್ಧರ್ಧ ಪಟ್ಟಿಯಾಗಿ ಇಳಿಯುತ್ತದಲ್ಲ, ಆ ಎರಡನ್ನೂ ಅವಳು ಸೇರಿಸಿ ಹೊಲಿದರೆ ಎಲ್ಲಿ ಸೇರಿತು ಎಂದು ತಡಕಿದರೂ ಸಿಗದು. ನನ್ನ ಮದುವೆಯ ಕಂಬಳಿ ಅವಳ ಅತ್ತೆ ಹೊಲಿದದ್ದು. ಆ ಅತ್ತೆಯ ಬಾಯೋ, ಅಬ್ಬಬ್ಬಾ, ಅದು ಬೇರೆ ಕಥೆ. ಈಗ ಕಂಬಳಿ ಕೇಳುವವರೇ ಕಡಿಮೆ. ಸೂಜಿ ಸುಮ್ಮನೆ ಕೂತರೆ ಕೈಗೆ ಜೋಮು ಹಿಡಿಯುತ್ತದೆ ಎಂದು ಕರಿಯಕ್ಕ ಗೋಣಿಚೀಲಕ್ಕೆ ತೇಪೆ ಹಾಕುತ್ತಾ ಕೂತಿದ್ದಳು.

ಸಿರಾ ದಾಟಿದ ಬಯಲಿನಲ್ಲಿ ನರಸಿಂಹರಾಜು ಅವರದೊಂದು ದೊಡ್ಡ ಶೆಡ್ಡು. ಮಧುಗಿರಿ ಕಡೆಯವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಎಲ್ಲೋ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಬಾಂಬರ್ ವಿಮಾನವನ್ನು ಲಾರಿಗಳಲ್ಲಿ ಬಿಡಿಬಿಡಿಯಾಗಿ ತರಿಸಿ, ಗೆಳೆಯರನ್ನು ಸೇರಿಸಿಕೊಂಡು ಮತ್ತೆ ಹಾರಿಸುವ ಹಟಕ್ಕೆ ಬಿದ್ದಿದ್ದರು. ಎಂಜಿನ್ನಿನೊಳಗೆ ಅಳಿಲು ಗೂಡು ಕಟ್ಟಿತ್ತಂತೆ! ಅದನ್ನೂ ಬಿಡಿಸಿ, ಗುಡುಗುವಂತೆ ಮಾಡಿದ್ದಾಯಿತು. ಉಳಿದದ್ದು ಬಾಲದ ಚುಕ್ಕಾಣಿ, ವಿಮಾನವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಹಲಗೆ. ಹಲಗೆಯೆಂದರೆ ಒಳಗೆ ಪಕ್ಕೆಲುಬಿನಂಥ ಪಟ್ಟಿಗಳು, ಮೇಲೆ ಬರೀ ಬಟ್ಟೆ. ಆ ಬಟ್ಟೆಯನ್ನು ಒಂದೊಂದು ಪಕ್ಕೆಲುಬಿಗೂ ಕೈಯಲ್ಲೇ ಹೊಲಿಯಬೇಕು. ತಾವು ಹೊದೆಯುವ ಕಂಬಳಿಯ ಹೊಲಿಗೆ ನೋಡಿ, ಅವರು ಕರಿಯಕ್ಕನ ಮನೆ ಹುಡುಕಿಕೊಂಡು ಬಂದರು.

“ಶುಕ್ರವಾರ ಅಧಿಕಾರಿ ತಪಾಸಣೆಗೆ ಬರ್ತಾರೆ ಕರಿಯಕ್ಕ. ಬಾಲ ಒಪ್ಪಿದ್ರೆ ಹಾರಿಸ್ತೀವಿ. ಆಮೇಲೆ ರೆಕ್ಕೆ ಅಂಚಿನ ಹೊಲಿಗೇನೂ ನಿಮ್ದೇ. ಒಪ್ಪದಿದ್ರೆ ಕೆಲಸ ಬೇರೆ ಊರಿಗೆ ಹೋಗುತ್ತೆ.”

ಮೇಕೆ ಕಾಯುವ ಗಂಡ ಕಾಟಪ್ಪ ಕಿಸಕ್ಕನೆ ನಕ್ಕ. “ಇಮಾನಕ್ಕೆ ರವಿಕೆ ಹೊಲಿಯಾಕೆ ಹೊಂಟ್ಲು ನನ್ನ ಹೆಂಡ್ರು!”

“ನೀನ್ಯಾಕ್ ಉರ್ಕಂತೀಯ? ನಿನ್ನ ಮೇಕೆಗೂ ಒಂದು ಹೊಲ್ಕೊಡ್ತೀನಿ ಬುಡು.”

ಶೆಡ್ಡಿನಲ್ಲೇ ಕೂತು ಹೊಲಿದು, ಬುಧವಾರ ಮಧ್ಯಾಹ್ನಕ್ಕೆ ಹೊಲಿಗೆ ಮುಗಿಯಿತು. ಆದರೆ ಬಟ್ಟೆ ಯಾಕೋ ಸಡಿಲ ಕಂಡಿತು. ನರಸಿಂಹರಾಜು ಬಣ್ಣ ತರಲು ತುಮಕೂರಿಗೆ ಹೋಗಿದ್ದರು. ಕಂಬಳಿಯವರ ಮನೆಯಲ್ಲಿ ಸರಿ ಹಾಕದೆ ಯಾವ ಕಂಬಳಿಯೂ ಹೊಸಿಲು ದಾಟುವುದಿಲ್ಲ. ಸರಿ ಎಂದರೆ ಹುಣಸೆಬೀಜ ಬೀಸಿ ಕಾಯಿಸಿದ ಗಂಜಿ. ಬಳಿದರೆ ಕಂಬಳಿ ಗಟ್ಟಿಯಾಗಿ ನಿಲ್ಲುತ್ತದೆ. ಕಂಬಳಿಗಾದದ್ದು ಬಾಲಕ್ಕಾಗದೇ? ಅಲ್ಲೇ ಮೂರು ಕಲ್ಲು ಹೂಡಿ ಕಾಯಿಸಿ, ಎರಡೂ ಮಗ್ಗುಲಿಗೆ ಬಳಿದು, ಬಾಲವನ್ನು ಬಿಸಿಲಿಗೆ ಒರಗಿಸಿ, ಬೇವಿನ ಮರದಡಿ ಸೆರಗು ಹಾಸಿಕೊಂಡಳು.

ಅಷ್ಟರಲ್ಲಿ ಕಾಟಪ್ಪ ಬುತ್ತಿ ತಂದ. ಮೇಕೆಗಳೂ ಹಿಂದೆಯೇ ಬಂದವು. ಗಂಡಹೆಂಡಿರು ಮುದ್ದೆ ಮುಗಿಸಿ ತಿರುಗಿ ನೋಡಿದರೆ, ಬಾಲದ ಕೆಳಗಿನ ಭಾಗದಲ್ಲಿ ಬರೀ ಪಕ್ಕೆಲುಬು!

“ಅಯ್ಯೋ, ನಿನ್ನ ಮೇಕೆ ಇಮಾನ ತಿಂದ್ಬುಡ್ತು ಕಣಯ್ಯಾ!”

“ರುಚಿ ಮಾಡಿಟ್ಟೋಳು ನೀನು. ಮೇಕೆನ್ಯಾಕೆ ಬಯ್ತೀಯ?”

ಆಗಲೇ ನರಸಿಂಹರಾಜು ಅವರ ಜೀಪು ಬಂತು. ಮೇಕೆ ನುಗ್ಗಿತು ಎಂದಷ್ಟೇ ಹೇಳಿದ್ದರೂ ನಡೆಯುತ್ತಿತ್ತು. ಕರಿಯಕ್ಕ ಹಾಗೆ ಹೇಳಲಿಲ್ಲ. “ಸಾರ್, ಹುಣಸೆಬೀಜದ ಸರಿ ಬಳ್ದಿದ್ದೆ. ಅದರ ವಾಸ್ನೆಗೆ ತಿಂದವೆ.”

ನರಸಿಂಹರಾಜು ತಂದಿದ್ದ ಬಣ್ಣದ ಡಬ್ಬದ ಮೇಲೆ ಕುಕ್ಕರಿಸಿದರು. ಅಳುತ್ತಾರೋ ಎಂದುಕೊಂಡರೆ ನಕ್ಕರು. “ಮೇಕೆ ತಿಂದಿದ್ದೇ ಪುಣ್ಯ. ಮೋಡದ ತೇವಕ್ಕೆ ಗಂಜಿ ಕರಗಿದ್ರೆ ಬಟ್ಟೆ ಆಕಾಶದಲ್ಲೇ ಜೋಲಾಡೋದು. ಈ ಬಣ್ಣ ಒಣಗ್ತಾ ತಾನೇ ಬಿಗಿಯುತ್ತೆ. ನಾನೇ ಮೊದಲೇ ಹೇಳ್ಬೇಕಿತ್ತು. ಶುಕ್ರವಾರದೊಳಗೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯೋದು ಆಗೋ ಮಾತಾ?”

“ಒಬ್ಳಿಗೆ ಆಗಲ್ಲ ಸಾರ್. ಮುಯ್ಯಾಳು ಕರೀತೀನಿ.”

ಮುಯ್ಯಿ ಗೊತ್ತಲ್ಲ, ಅವರ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ಅವರು, ಆಳಿಗೆ ಆಳು. ವಿಮಾನಕ್ಕೆ ಮುಯ್ಯಿ ಕೇಳಿದವಳು ಅವಳೇ ಮೊದಲು. ಪಕ್ಕದ ಮನೆಯ ಇಂದ್ರಮ್ಮ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದಳು.

“ಕಳೆ ಕೀಳಾಕೆ ಬತ್ತೀನಿ ಅಂದಿದ್ದೆ ಕಣೇ, ಇಮಾನಕ್ಕಲ್ಲ!”

“ಇಲ್ಲೂ ಕೀಳೋದೇ ಬಾ. ಮೊದ್ಲು ಹಳೇ ದಾರ ಕೀಳು.”

ಮೂವರು ಬಿಚ್ಚಿ, ತೊಳೆದು, ಹೊಸ ಬಟ್ಟೆ ಎಳೆದು ಹಿಡಿದರು. ಹೊಲಿಗೆ ಮಾತ್ರ ಕರಿಯಕ್ಕನದೇ. ಬಣ್ಣದ ಘಾಟಿಗೆ ಎಲ್ಲರಿಗೂ ಸೀನೋ ಸೀನು. ಶುಕ್ರವಾರ ಬಂದ ಅಧಿಕಾರಿ ಬೆರಳಲ್ಲಿ ತಟ್ಟಿದರೆ ಬಾಲ ತಮಟೆಯಂತೆ ಢಂ ಎಂದಿತು. ಒಂದೊಂದೇ ಗಂಟು ನೋಡಿ ತಲೆಯಾಡಿಸಿದರು.

ಇವತ್ತು ಭಾನುವಾರ, ಬೆಳಗ್ಗೆ ವಿಮಾನ ಎದ್ದಿತು. ಎಲ್ಲರೂ ಕೂಗಿದರು, ಕಾಟಪ್ಪನಂತೂ ಟವಲ್ ಬೀಸಿದ. ಕರಿಯಕ್ಕ ಕಣ್ಣು ಬಾಲದಿಂದ ಕೀಳಲಿಲ್ಲ. ಕೆರೆಯ ಮೇಲೆ ಅದು ಒಂಚೂರು ವಾಲಿತು, ಅಷ್ಟು ದೊಡ್ಡ ವಿಮಾನ ಹೇಳಿದ ಮಾತು ಕೇಳುವ ಎತ್ತಿನಂತೆ ಎಡಕ್ಕೆ ಹೊರಳಿತು. ಇಳಿದು ನಿಂತ ಕೂಡಲೇ ಓಡಿಹೋಗಿ ಹೊಲಿಗೆ ಸವರಿದಳು. ಒಂದು ದಾರವೂ ಸಡಿಲವಾಗಿರಲಿಲ್ಲ.

“ರೆಕ್ಕೆ ಕೆಲಸ ನಾಳೆನೇ ಶುರು ಮಾಡೋಣ್ವಾ?” ಎಂದರು ನರಸಿಂಹರಾಜು.

ಸಾಕು ಬರೆದಿದ್ದು, ಏಳು ಸಹನಾ. ನಾಳೆ ಕರಿಯಕ್ಕ ಇಂದ್ರಮ್ಮನ ಕಡ್ಲೆಕಾಯಿ ಕಿತ್ತು ಮುಯ್ಯಿ ತೀರಿಸ್ಬೇಕಿತ್ತು. ಅವಳು ಬರಲ್ಲ, ಬದ್ಲಿಗೆ ಕಾಟಪ್ಪ ಬತ್ತಾನೆ ಅಂತ ಇಂದ್ರಮ್ಮಂಗೆ ಹೇಳ್ಬುಟ್ಟು ಬಾ. ಹಂಗೇ ನಮ್ಮ ಮೊರ ಅವಳ ಮನೇಲೇ ಐತೆ, ಇಸ್ಕೊಂಡ್ ಬಾ.